ದೂರದ ಕಂಪ್ಯೂಟರಿಗೆ ಮನೆಯಿಂದಲೇ ಆಜ್ಞೆ: ಎಸ್‌ಎಸ್‌ಎಚ್ ಎಂದರೇನು, ಎಲ್ಲಿ ಎಚ್ಚರ ಬೇಕು?

ಹಬ್ಬಕ್ಕೋ ಕೋಲಕ್ಕೋ ಊರಿಗೆ ಬಂದ ಮಕ್ಕಳು ಚಾವಡಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಏನೋ ನಾಲ್ಕು ಸಾಲು ಬರೆದು ಮತ್ತೆ ಮುಚ್ಚಿಡುತ್ತಾರೆ. ಗಡಿನಾಡಿನ ಅನೇಕ ಮನೆಗಳಲ್ಲಿ ಇದು ಈಗ ಹೊಸ ನೋಟವಲ್ಲ. "ಎಂತ ಮಾಡಿದ್ದು ಮಗಾ?" ಎಂದು ಅಜ್ಜ ಕೇಳಿದರೆ, "ಬೆಂಗಳೂರಿನ ಸರ್ವರ್ ಒಂದು ನಿಂತಿತ್ತು ಅಜ್ಜ, ಸರಿ ಮಾಡಿದೆ" ಎಂಬ ಉತ್ತರ ಬರುತ್ತದೆ.

ಊರಿನಲ್ಲಿ ಕುಳಿತವನ ಮಾತನ್ನು ಬೆಂಗಳೂರಿನ ಯಂತ್ರ ಕೇಳುವುದು ಹೇಗೆ? ಅದೇ ಮಾತನ್ನು ಬೇರೆ ಯಾರಾದರೂ ಆ ಹುಡುಗನ ಹೆಸರಿನಲ್ಲಿ ಹೇಳಿದರೆ? ದಾರಿಯಲ್ಲಿ ಯಾರಾದರೂ ಕದ್ದು ಕೇಳಿಸಿಕೊಂಡರೆ? ಹಾಲಿನ ಸೊಸೈಟಿಯ ಲೆಕ್ಕ, ಬಸ್ಸಿನ ಟಿಕೆಟು, ಆಸ್ಪತ್ರೆಯ ಟೋಕನ್, ಶಾಲೆಯ ಫಲಿತಾಂಶ ಇವೆಲ್ಲ ಯಾವುದೋ ಊರಿನ ಸರ್ವರುಗಳಲ್ಲಿ ಕುಳಿತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳು ಕಂಪ್ಯೂಟರ್ ಕಲಿತವರಿಗೆ ಮಾತ್ರ ಸೇರಿದವಲ್ಲ. ಇವುಗಳಿಗೆ ಇಂದು ಹೆಚ್ಚಿನ ಕಡೆ ಸಿಗುವ ಉತ್ತರ ಎಸ್‌ಎಸ್‌ಎಚ್. ಸೆಕ್ಯೂರ್ ಶೆಲ್ ಎಂಬುದರ ಗಿಡ್ಡ ಹೆಸರು ಇದು. ಕಂಪ್ಯೂಟರಿಗೆ ಬರಹದಲ್ಲಿ ಆಜ್ಞೆ ಕೊಡುವ ಕಿಟಕಿಗೆ ಶೆಲ್ ಎನ್ನುತ್ತಾರೆ. ಆ ಕಿಟಕಿಯನ್ನು ದೂರದಿಂದ, ಭದ್ರವಾಗಿ ತೆರೆಯುವ ವ್ಯವಸ್ಥೆಯೇ ಎಸ್‌ಎಸ್‌ಎಚ್.

ಚಿತ್ರ, ಬಣ್ಣ, ಮೌಸು ಯಾವುದೂ ಇಲ್ಲದೆ ಬರಿಯ ಅಕ್ಷರಗಳಲ್ಲಿ ಕೆಲಸ ಮಾಡುವುದು ಹಳೆಯ ಪದ್ಧತಿಯೆಂದು ಕಾಣಬಹುದು. ಆದರೆ ಸರ್ವರುಗಳಿಗೆ ಸಾಮಾನ್ಯವಾಗಿ ಪರದೆಯೂ ಇರುವುದಿಲ್ಲ, ಕೀಬೋರ್ಡೂ ಇರುವುದಿಲ್ಲ. ಬರಹದ ಆಜ್ಞೆಗೆ ಬೇಕಾದ ಡೇಟಾ ಕೂಡ ಬಹಳ ಕಡಿಮೆ. ಗುಡ್ಡದ ಮರೆಯಲ್ಲಿ ಫೋನಿನ ಸಿಗ್ನಲ್ ಒಂದೇ ಗೆರೆ ಇದ್ದರೂ, ವಿಡಿಯೋ ಓಡದಿದ್ದರೂ, ಈ ಕೆಲಸ ಹೆಚ್ಚಾಗಿ ನಡೆದೀತು.

ಮೊದಲು ಎಲ್ಲವೂ ಪೋಸ್ಟ್ ಕಾರ್ಡ್

ದೂರದ ಕಂಪ್ಯೂಟರಿಗೆ ಆಜ್ಞೆ ಕೊಡುವ ಆಸೆ ಅಂತರ್ಜಾಲದಷ್ಟೇ ಹಳೆಯದು. ಟೆಲ್‌ನೆಟ್ ಎಂಬ ವಿಧಾನ 1969ರಷ್ಟು ಹಿಂದೆಯೇ ಹುಟ್ಟಿತು. ಆದರೆ ಅದರಲ್ಲಿ ಹೋಗುವ ಮಾತೆಲ್ಲ ಪೋಸ್ಟ್ ಕಾರ್ಡಿನ ಬರಹದ ಹಾಗೆ. ಹೆಸರು, ಪಾಸ್‌ವರ್ಡ್, ಆಜ್ಞೆ, ಉತ್ತರ ಎಲ್ಲವೂ ತೆರೆದ ಅಕ್ಷರಗಳಲ್ಲೇ ಸಾಗುತ್ತವೆ. ದಾರಿಯ ಯಾವ ಯಂತ್ರದಲ್ಲಿ ಕುಳಿತವನೂ ಅದನ್ನು ಓದಬಹುದು.

1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಆವೃತ್ತಿಯೊಂದಿಗೆ ಆರ್‌ಎಸ್‌ಎಚ್ ಎಂಬ ಇನ್ನೊಂದು ಸಾಧನ ಬಂತು. ದೂರದ ಯಂತ್ರದಲ್ಲಿ ಒಂದೇ ಒಂದು ಆಜ್ಞೆ ನಡೆಸಿ ಉತ್ತರ ತರುವುದು ಇದರಿಂದ ಸುಲಭವಾಯಿತು. ಪಾಸ್‌ವರ್ಡಿನ ಗೊಡವೆಯೂ ಬೇಕಿರಲಿಲ್ಲ. "ಈ ಮನೆಯಿಂದ ಬಂದವರು ನಮ್ಮವರೇ" ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು, ಆ ವಿಳಾಸದಿಂದ ಬಂದವರಿಗೆಲ್ಲ ಬಾಗಿಲು ತೆರೆಯುತ್ತಿತ್ತು. ಬಂದವನು ನಿಜವಾಗಿ ಆ ಮನೆಯವನೇ ಎಂದು ಗಟ್ಟಿಯಾಗಿ ಪರೀಕ್ಷಿಸುವ ಏರ್ಪಾಡು ಇರಲಿಲ್ಲ. 1988ರ ನವೆಂಬರ್‌ನಲ್ಲಿ ಅಂತರ್ಜಾಲದ ಸಾವಿರಾರು ಕಂಪ್ಯೂಟರುಗಳನ್ನು ಕಂಗೆಡಿಸಿದ ಮಾರಿಸ್ ವರ್ಮ್ ಯಂತ್ರದಿಂದ ಯಂತ್ರಕ್ಕೆ ಹಾರಲು ಬಳಸಿಕೊಂಡ ದಾರಿಗಳಲ್ಲಿ ಈ ಕುರುಡು ನಂಬಿಕೆಯೂ ಒಂದು.

ಫಿನ್‌ಲೆಂಡಿನಲ್ಲಿ ಹುಟ್ಟಿದ ಬೀಗ

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳುತ್ತಿದ್ದುದು ಪತ್ತೆಯಾಯಿತು. ಅಲ್ಲಿದ್ದ ಟಾಟು ಯುಲೋನೆನ್ ಎಂಬ ಸಂಶೋಧಕ ಇದಕ್ಕೊಂದು ಪರಿಹಾರ ಬೇಕೆಂದು ಕುಳಿತು ಎಸ್‌ಎಸ್‌ಎಚ್ ತಂತ್ರಾಂಶವನ್ನು ಬರೆದರು. ಅದೇ ವರ್ಷದ ಜುಲೈನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಫೈಲ್ ಸಾಗಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್ಟಿಗೆ 23 ಎಂಬ ಬಾಗಿಲು ಸಂಖ್ಯೆಗಳು ಮೊದಲೇ ಇದ್ದವು. ಇವೆರಡರ ಕೆಲಸವನ್ನೂ ತಾನು ಮಾಡಬಲ್ಲ ಎಸ್‌ಎಸ್‌ಎಚ್‌ಗೆ ನಡುವೆ ಖಾಲಿಯಿದ್ದ 22 ಸಿಕ್ಕಿತು. ಇಂದಿಗೂ ಅದರ ಬಾಗಿಲು ಸಂಖ್ಯೆ 22.

ಮುಂದೆ ಈ ತಂತ್ರಾಂಶ ಕಂಪೆನಿಯೊಂದರ ಸೊತ್ತಾಗಿ ಪರವಾನಗಿಯ ಷರತ್ತುಗಳು ಬಿಗಿಯಾದವು. ಆಗ ಓಪನ್ ಬಿಎಸ್‌ಡಿ ತಂಡದವರು ಹಳೆಯ ಮುಕ್ತ ಆವೃತ್ತಿಯಿಂದ ಹೊರಟು 1999ರಲ್ಲಿ ಓಪನ್ ಎಸ್‌ಎಸ್‌ಎಚ್ ಹೊರತಂದರು. ಲಿನಕ್ಸ್ ಸರ್ವರುಗಳಲ್ಲಿ ಈಗ ಹೆಚ್ಚಾಗಿ ಇರುವುದು ಇದೇ. ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿ 2006ರಲ್ಲಿ ಅಂತರ್ಜಾಲದ ಅಧಿಕೃತ ಮಾನದಂಡವಾಗಿ ಪ್ರಕಟವಾಯಿತು. ವಿಂಡೋಸ್ ಬಳಸುವವರು ಬಹುಕಾಲ ಪುಟ್ಟಿ ಎಂಬ ಬೇರೆ ತಂತ್ರಾಂಶವನ್ನು ಹಾಕಿಕೊಳ್ಳಬೇಕಾಗಿತ್ತು. 2018ರಿಂದ ವಿಂಡೋಸ್‌ನಲ್ಲೇ ಎಸ್‌ಎಸ್‌ಎಚ್ ಸೇರಿಕೊಂಡು ಬರುತ್ತಿದೆ.

ಗಡಿಯ ಸಂತೆಯಲ್ಲಿ ಮಾತು ಶುರುವಾಗುವಂತೆ

ಗಡಿಯ ಸಂತೆಯಲ್ಲಿ ಅಪರಿಚಿತರಿಬ್ಬರು ಎದುರಾದರೆ ಮೊದಲು ಯಾವ ಭಾಷೆ ಎಂಬುದು ತೀರ್ಮಾನವಾಗುತ್ತದೆ. ಕನ್ನಡ ಬರುತ್ತದೆಯೇ, ಇಲ್ಲವಾದರೆ ಮಲಯಾಳವೇ, ತಮಿಳೇ, ಮರಾಠಿಯೇ, ತೆಲುಗೇ? ಇಬ್ಬರಿಗೂ ಬರುವ ಒಂದು ಸಿಕ್ಕ ಮೇಲೆ ವ್ಯಾಪಾರ. ಎಸ್‌ಎಸ್‌ಎಚ್ ಕೂಡ ಹೀಗೆಯೇ ಶುರುವಾಗುತ್ತದೆ. ಮನೆಯ ಕಂಪ್ಯೂಟರ್ ತನಗೆ ತಿಳಿದ ಗೂಢಲಿಪಿಯ ವಿಧಾನಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ಮುಂದಿಡುತ್ತದೆ. ಸರ್ವರ್ ತನ್ನ ಪಟ್ಟಿಯನ್ನು ಕೊಡುತ್ತದೆ. ಮನೆಯ ಕಂಪ್ಯೂಟರಿನ ಪಟ್ಟಿಯಲ್ಲಿ ಮೊದಲು ಬರುವ, ಸರ್ವರಿಗೂ ತಿಳಿದಿರುವ ವಿಧಾನ ಆಯ್ಕೆಯಾಗುತ್ತದೆ.

ಎರಡನೆಯ ಹಂತ ಗುಟ್ಟಿನ ಸಂಖ್ಯೆಯೊಂದನ್ನು ಒಪ್ಪಿಕೊಳ್ಳುವುದು. ಕದ್ದು ಕೇಳುವವನ ಎದುರಿನಲ್ಲೇ ಮಾತಾಡಿಕೊಂಡು, ಅವನಿಗೆ ತಿಳಿಯದ ಗುಟ್ಟನ್ನು ಇಬ್ಬರೂ ಹಂಚಿಕೊಳ್ಳುವುದು ಸಾಧ್ಯವೇ? ಸಾಧ್ಯ ಎಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ತೋರಿಸಿಕೊಟ್ಟರು. ಸಣ್ಣ ಲೆಕ್ಕದಲ್ಲಿ ಅದು ಹೀಗಿದೆ.

ಎಲ್ಲರಿಗೂ ತಿಳಿದಿರುವ ಎರಡು ಸಂಖ್ಯೆಗಳು 3 ಮತ್ತು 17. ಮನೆಯ ಕಂಪ್ಯೂಟರ್ ಮನಸ್ಸಿನಲ್ಲೇ 7 ಎಂಬ ಗುಟ್ಟನ್ನು ಇಟ್ಟುಕೊಳ್ಳುತ್ತದೆ. 3ನ್ನು ಏಳು ಬಾರಿ ಗುಣಿಸಿದರೆ 2187. ಅದನ್ನು 17ರಿಂದ ಭಾಗಿಸಿದರೆ ಶೇಷ 11. ಈ 11ನ್ನು ಬಹಿರಂಗವಾಗಿ ಕಳಿಸುತ್ತದೆ. ಸರ್ವರ್ 6 ಎಂಬ ಗುಟ್ಟನ್ನು ಇಟ್ಟುಕೊಂಡು ಅದೇ ಲೆಕ್ಕ ಮಾಡುತ್ತದೆ. 3ನ್ನು ಆರು ಬಾರಿ ಗುಣಿಸಿದರೆ 729, ಶೇಷ 15. ಈ 15 ಬಹಿರಂಗವಾಗಿ ಬರುತ್ತದೆ. ಈಗ ಮನೆಯ ಕಂಪ್ಯೂಟರ್ ತನಗೆ ಬಂದ 15ನ್ನು ಏಳು ಬಾರಿ ಗುಣಿಸಿ 17ರಿಂದ ಭಾಗಿಸಿದರೆ ಶೇಷ 8. ಸರ್ವರ್ ತನಗೆ ಬಂದ 11ನ್ನು ಆರು ಬಾರಿ ಗುಣಿಸಿ 17ರಿಂದ ಭಾಗಿಸಿದರೂ ಶೇಷ 8. ಇಬ್ಬರಲ್ಲೂ ಈಗ ಒಂದೇ ಗುಟ್ಟು ಇದೆ. ಆದರೆ 8 ಎಂಬುದು ತಂತಿಯ ಮೇಲೆ ಒಮ್ಮೆಯೂ ಹಾದುಹೋಗಲಿಲ್ಲ.

ಇಷ್ಟು ಸಣ್ಣ ಸಂಖ್ಯೆಗಳಾದರೆ ಕೇಳಿಸಿಕೊಂಡವನು ಒಂದೊಂದನ್ನೇ ಹಾಕಿ ನೋಡಿ ಗುಟ್ಟನ್ನು ಹುಡುಕಿಯಾನು. ಎಸ್‌ಎಸ್‌ಎಚ್ ಬಳಸುವುದು ನೂರಾರು ಅಂಕಿಗಳ ಸಂಖ್ಯೆಗಳನ್ನು, ಅಥವಾ ಅಷ್ಟೇ ಕಠಿಣವಾದ ಬೇರೆ ಬಗೆಯ ಗಣಿತವನ್ನು. ಅಲ್ಲಿ ಹಾಗೆ ಹುಡುಕಲು ಕಾಲ ಸಾಲದು. ಹೀಗೆ ಸಿಕ್ಕ ಗುಟ್ಟಿನಿಂದ ಮುಂದಿನ ಮಾತನ್ನೆಲ್ಲ ಗೂಢಲಿಪಿಗೆ ತಿರುಗಿಸಲಾಗುತ್ತದೆ. ಪೋಸ್ಟ್ ಕಾರ್ಡ್ ಹೋಗಿ ಅಂಟಿಸಿದ ಲಕೋಟೆ ಬಂದಂತಾಯಿತು.

ಎದುರಿಗಿರುವವರು ಯಾರು?

ಲಕೋಟೆ ಎಷ್ಟೇ ಗಟ್ಟಿಯಾದರೂ ಅದನ್ನು ಬೇರೆಯವನ ಕೈಗೆ ಕೊಟ್ಟರೆ ಏನು ಪ್ರಯೋಜನ? ನಡುವೆ ಒಬ್ಬ ಮೋಸಗಾರ ಕುಳಿತು, ಮನೆಯವರ ಜೊತೆ ತಾನೇ ಸರ್ವರ್ ಎಂದೂ, ಸರ್ವರಿನ ಜೊತೆ ತಾನೇ ಮನೆಯವನೆಂದೂ ನಟಿಸಬಹುದು. ಎರಡು ಕಡೆಯೂ ಮೇಲಿನ ಲೆಕ್ಕವನ್ನು ಸರಿಯಾಗಿಯೇ ಮಾಡಿ, ನಡುವೆ ಎಲ್ಲವನ್ನೂ ಓದಬಹುದು. ಇದನ್ನು ತಡೆಯಲು ಪ್ರತಿಯೊಂದು ಸರ್ವರಿಗೂ ತನ್ನದೇ ಆದ ಕೀಲಿ ಜೋಡಿ ಇರುತ್ತದೆ. ಒಂದು ಖಾಸಗಿ, ಇನ್ನೊಂದು ಬಹಿರಂಗ. ಖಾಸಗಿ ಕೀಲಿಯಿಂದ ಸರ್ವರ್ ಸಹಿ ಹಾಕುತ್ತದೆ, ಬಹಿರಂಗ ಕೀಲಿಯಿಂದ ಆ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಹಾಗಾದರೆ ಆ ಬಹಿರಂಗ ಕೀಲಿ ನಿಜವಾಗಿ ಬೆಂಗಳೂರಿನ ಆ ಸರ್ವರಿನದ್ದೇ ಎಂದು ತಿಳಿಯುವುದು ಹೇಗೆ? ಎಸ್‌ಎಸ್‌ಎಚ್ ವ್ಯವಸ್ಥೆಯ ಭಾರವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಇದಕ್ಕೆ ಉತ್ತರ ಕೊಡಬೇಕಾದವನು ಕೀಬೋರ್ಡಿನ ಮುಂದೆ ಕುಳಿತ ಮನುಷ್ಯ. ಮೊದಲ ಸಲ ಒಂದು ಸರ್ವರಿಗೆ ಹೋದಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಬರುತ್ತದೆ. ಈ ಯಂತ್ರದ ಗುರುತು ಖಚಿತವಾಗಿಲ್ಲ, ಇದರ ಕೀಲಿಯ ಬೆರಳಚ್ಚು ಹೀಗಿದೆ, ಮುಂದುವರಿಯಬೇಕೇ ಎಂದು ಅದು ಕೇಳುತ್ತದೆ. ಬೆರಳಚ್ಚು ಎಂದರೆ ಆ ಉದ್ದದ ಕೀಲಿಯಿಂದ ಲೆಕ್ಕ ಹಾಕಿ ತೆಗೆದ ಗಿಡ್ಡ ಅಕ್ಷರಮಾಲೆ. ಅದನ್ನು ಸರ್ವರ್ ನೋಡಿಕೊಳ್ಳುವವರಿಂದ ಫೋನಿನಲ್ಲೋ ಬರಹದಲ್ಲೋ ಮೊದಲೇ ಪಡೆದು, ಅಕ್ಷರ ಅಕ್ಷರ ತಾಳೆ ನೋಡಿ, ಆಮೇಲೆ ಯೆಸ್ ಎಂದು ಒತ್ತಬೇಕು.

ಆದರೆ ಹೆಚ್ಚಿನವರು ನೋಡದೆಯೇ ಯೆಸ್ ಒತ್ತಿಬಿಡುತ್ತಾರೆ. ಓದದೆ ಹೆಬ್ಬೆಟ್ಟು ಒತ್ತಿ ಜಾಗ ಕಳೆದುಕೊಂಡವರ ಕತೆ ಹಳ್ಳಿಗಳಲ್ಲಿ ಹೊಸದಲ್ಲ. ಇದೂ ಅದೇ ಜಾತಿಯ ತಪ್ಪು.

ಒಮ್ಮೆ ಒಪ್ಪಿಕೊಂಡ ಕೀಲಿಯನ್ನು ಮನೆಯ ಕಂಪ್ಯೂಟರ್ ಪರಿಚಿತರ ಪಟ್ಟಿಯೊಂದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಕೀಲಿ ಬಂದರೆ ತಕರಾರಿಲ್ಲ. ಬೇರೆ ಕೀಲಿ ಬಂದರೆ ದೊಡ್ಡ ಅಕ್ಷರಗಳಲ್ಲಿ, ಯಾರಾದರೂ ನಡುವೆ ಕದ್ದು ಕೇಳುತ್ತಿರಬಹುದು ಎಂಬ ಎಚ್ಚರಿಕೆ ಬಂದು ಕೆಲಸ ನಿಲ್ಲುತ್ತದೆ. ಸರ್ವರನ್ನು ಹೊಸದಾಗಿ ಕಟ್ಟಿದ್ದರೂ ಹೀಗೆ ಬರುವುದುಂಟು. ಆದ್ದರಿಂದ ಗಾಬರಿಯೂ ಬೇಡ, ಅಸಡ್ಡೆಯೂ ಬೇಡ. ಹಳೆಯ ಸಾಲನ್ನು ಅಳಿಸುವ ಮೊದಲು ಒಂದು ಫೋನು ಮಾಡಿ ಕಾರಣ ಕೇಳಿಕೊಳ್ಳುವುದು ಒಳ್ಳೆಯದು.

ಪಾಸ್‌ವರ್ಡಿಗಿಂತ ಕೀಲಿ ಜೋಡಿ ಮೇಲು

ಸರ್ವರಿನ ಗುರುತು ತಿಳಿದ ಮೇಲೆ ಬಂದವನ ಗುರುತು. ಪಾಸ್‌ವರ್ಡ್ ಒಂದು ದಾರಿ. ಆದರೆ ಅಂತರ್ಜಾಲಕ್ಕೆ ತೆರೆದಿರುವ 22ನೇ ಬಾಗಿಲನ್ನು ಹಗಲು ರಾತ್ರಿ ತಟ್ಟುತ್ತಾ, ಸಾವಿರಾರು ಸಾಮಾನ್ಯ ಪಾಸ್‌ವರ್ಡುಗಳನ್ನು ಹಾಕಿ ನೋಡುವ ಯಾಂತ್ರಿಕ ಕಳ್ಳರು ಲೋಕದ ತುಂಬ ಇದ್ದಾರೆ. ಹಾಗಾಗಿ ಇಲ್ಲಿಯೂ ಕೀಲಿ ಜೋಡಿಯೇ ಒಳ್ಳೆಯದು.

ಎಸ್‌ಎಸ್‌ಎಚ್ ಕೀಜೆನ್ ಎಂಬ ಆಜ್ಞೆ ಕೊಟ್ಟರೆ ಎರಡು ಫೈಲುಗಳು ಹುಟ್ಟುತ್ತವೆ. ಬಹಿರಂಗ ಕೀಲಿಯ ಫೈಲನ್ನು ಸರ್ವರಿನಲ್ಲಿ, ಒಪ್ಪಿಗೆ ಪಡೆದವರ ಪಟ್ಟಿಗೆ ಸೇರಿಸಬೇಕು. ಅದನ್ನು ಯಾರು ನೋಡಿದರೂ ತೊಂದರೆಯಿಲ್ಲ. ಖಾಸಗಿ ಕೀಲಿಯ ಫೈಲು ಮಾತ್ರ ತನ್ನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಬಾರದು. ಇಮೇಲಿನಲ್ಲಿ ಕಳಿಸುವುದು, ವಾಟ್ಸ್ಆಪ್‌ನಲ್ಲಿ ಹಾಕುವುದು, ಪೆನ್‌ಡ್ರೈವಿನಲ್ಲಿ ಗೆಳೆಯನಿಗೆ ಕೊಡುವುದು ಯಾವುದೂ ಸಲ್ಲದು. ಕೀಲಿ ಹುಟ್ಟಿಸುವಾಗಲೇ ಅದಕ್ಕೊಂದು ಗುಪ್ತವಾಕ್ಯ ಹಾಕಿಟ್ಟರೆ, ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೂ ಸಿಕ್ಕವನಿಗೆ ಆ ಕೀಲಿ ಕೂಡಲೇ ಉಪಯೋಗಕ್ಕೆ ಬಾರದು. ಅಷ್ಟರಲ್ಲಿ ಸರ್ವರಿನ ಪಟ್ಟಿಯಿಂದ ಅದನ್ನು ತೆಗೆದುಹಾಕಬಹುದು.

ಒಂದು ಕೀಲಿಗೆ ಒಂದೇ ಕೆಲಸ ಎಂದು ಕಟ್ಟು ಹಾಕುವ ಸೌಲಭ್ಯವೂ ಇದೆ. ದಿನವೂ ರಾತ್ರಿ ಲೆಕ್ಕದ ನಕಲು ತೆಗೆಯುವ ಕೀಲಿಗೆ ಆ ನಕಲಿನ ಆಜ್ಞೆಯೊಂದನ್ನು ಬಿಟ್ಟು ಬೇರೇನೂ ನಡೆಸಲಾಗದಂತೆ ಸರ್ವರಿನ ಪಟ್ಟಿಯಲ್ಲೇ ಬರೆದಿಡಬಹುದು. ತೋಟದ ಆಳಿಗೆ ಪಂಪ್‌ಶೆಡ್ಡಿನ ಬೀಗದ ಕೈ ಕೊಟ್ಟರೆ ಸಾಕು, ಮನೆಯ ಬೀರುವಿನದ್ದು ಕೊಡಬೇಕಾಗಿಲ್ಲ.

ಒಂದು ಸಾಲಿನ ಆಜ್ಞೆ, ಒಂದು ಉದ್ಧರಣ ಚಿಹ್ನೆ

ಬಳಸುವ ಕ್ರಮ ಸುಲಭ. ಕೆಳಗೆ ಕನ್ನಡದಲ್ಲಿ ಕೊಟ್ಟಿರುವುದನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು.

ಎಸ್‌ಎಸ್‌ಎಚ್ ರವಿ@ಸರ್ವರ್ ಅಪ್‌ಟೈಮ್

ಸರ್ವರ್ ಎಂಬ ಯಂತ್ರಕ್ಕೆ ರವಿಯ ಹೆಸರಿನಲ್ಲಿ ಹೋಗಿ, ಅಪ್‌ಟೈಮ್ ಎಂಬ ಆಜ್ಞೆ ನಡೆಸಿ, ಬಂದ ಉತ್ತರವನ್ನು ಇಲ್ಲಿಗೆ ತಾ ಎಂದು ಇದರ ಅರ್ಥ. ಯಂತ್ರ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂದು ಒಂದು ಸಾಲು ಬಂದು ಸಂಪರ್ಕ ತಾನಾಗಿ ಮುಗಿಯುತ್ತದೆ. ಕೊನೆಯ ಪದವನ್ನು ಬಿಟ್ಟು ಒತ್ತಿದರೆ ಸರ್ವರಿನ ಶೆಲ್ ಕಿಟಕಿಯೇ ತೆರೆದುಕೊಂಡು, ಸಾಕೆನ್ನುವವರೆಗೆ ಅಲ್ಲೇ ಕೆಲಸ ಮಾಡಬಹುದು. ದೂರದ ಆಜ್ಞೆ ಗೆದ್ದಿತೋ ಸೋತಿತೋ ಎಂಬ ಸಂಕೇತ ಸಂಖ್ಯೆಯನ್ನೂ ಎಸ್‌ಎಸ್‌ಎಚ್ ಹಿಂದಕ್ಕೆ ತಂದುಕೊಡುತ್ತದೆ. ಸೊನ್ನೆ ಎಂದರೆ ಸರಿಯಾಯಿತು. ಸಂಪರ್ಕವೇ ಕೆಟ್ಟರೆ 255.

ಇಲ್ಲಿ ಹೊಸಬರು ಬೀಳುವ ಒಂದು ಗುಂಡಿ ಇದೆ. ಸರ್ವರಿನ ಹಳೆಯ ಫೈಲುಗಳ ಫೋಲ್ಡರಿಗೆ ಹೋಗಿ ಅಲ್ಲಿರುವುದನ್ನೆಲ್ಲ ಅಳಿಸಬೇಕು ಎಂದು ಒಬ್ಬ ಲಿನಕ್ಸ್ ಕಂಪ್ಯೂಟರಿನಲ್ಲಿ ಹೀಗೆ ಒತ್ತಿದ ಎಂದುಕೊಂಡರೆ:

ಎಸ್‌ಎಸ್‌ಎಚ್ ರವಿ@ಸರ್ವರ್ ಸಿಡಿ ಹಳತು; ಆರ್‌ಎಂ *

ಸಿಡಿ ಎಂದರೆ ಆ ಫೋಲ್ಡರಿಗೆ ಹೋಗು, ಆರ್‌ಎಂ ಎಂದರೆ ಅಳಿಸು, ನಕ್ಷತ್ರ ಚಿಹ್ನೆ ಎಂದರೆ ಎಲ್ಲವನ್ನೂ. ಆದರೆ ನಡುವಿನ ಅರ್ಧವಿರಾಮವನ್ನು ಓದುವುದು ಮನೆಯ ಕಂಪ್ಯೂಟರ್. ಅದರ ಪಾಲಿಗೆ ಅಲ್ಲಿಗೆ ಒಂದು ಆಜ್ಞೆ ಮುಗಿಯಿತು. ಸರ್ವರ್ ಫೋಲ್ಡರಿಗೆ ಹೋಗಿ ಸುಮ್ಮನೆ ಹಿಂದಿರುಗುತ್ತದೆ. ಅಳಿಸುವ ಆಜ್ಞೆ ನಡೆಯುವುದು ಮನೆಯ ಲ್ಯಾಪ್‌ಟಾಪಿನಲ್ಲಿ! ಆ ಹೊತ್ತಿಗೆ ತೆರೆದಿದ್ದ ಫೋಲ್ಡರಿನಲ್ಲಿ ಮಗಳ ಮದುವೆಯ ಫೋಟೋಗಳಿದ್ದರೆ ಅವು ಹೋದವು.

ಸರಿಯಾದ ಕ್ರಮ ಹೀಗೆ:

ಎಸ್‌ಎಸ್‌ಎಚ್ ರವಿ@ಸರ್ವರ್ 'ಸಿಡಿ ಹಳತು && ಆರ್‌ಎಂ *'

ಉದ್ಧರಣ ಚಿಹ್ನೆಯ ಒಳಗಿನದ್ದೆಲ್ಲ ಇಡಿಯಾಗಿ ಸರ್ವರಿಗೆ ಹೋಗುತ್ತದೆ. ಎರಡು ಆಂಪರ್ಸ್ಯಾಂಡ್ ಚಿಹ್ನೆಗಳ ಅರ್ಥ, ಮೊದಲಿನದು ಸರಿಯಾದರೆ ಮಾತ್ರ ಎರಡನೆಯದು. ಫೋಲ್ಡರಿನ ಹೆಸರು ತಪ್ಪಾಗಿದ್ದರೆ ಅಳಿಸುವ ಕೆಲಸ ನಡೆಯುವುದೇ ಇಲ್ಲ. ಅಳಿಸುವ ಮೊದಲು ಆರ್‌ಎಂ ಜಾಗದಲ್ಲಿ ಎಲ್‌ಎಸ್ ಎಂದು ಹಾಕಿ, ಏನೇನಿದೆ ಎಂಬ ಪಟ್ಟಿಯನ್ನು ನೋಡಿಕೊಳ್ಳುವುದು ಅನುಭವಿಗಳ ರೂಢಿ. ಬೀಗ ಎಷ್ಟೇ ಭದ್ರವಾಗಿದ್ದರೂ ತಪ್ಪು ಆಜ್ಞೆಯನ್ನು ಅದು ತಡೆಯುವುದಿಲ್ಲ, ಭದ್ರವಾಗಿ ತಲುಪಿಸಿಬಿಡುತ್ತದೆ.

ಕರೆಂಟ್ ಹೋದರೆ, ಟವರ್ ಬದಲಾದರೆ

ಒಂದು ಗಂಟೆ ಹಿಡಿಯುವ ಕೆಲಸ ಅರ್ಧದಲ್ಲಿರುವಾಗ ಸಿಗ್ನಲ್ ಹೋಗುವುದುಂಟು. ಗಡಿಯಲ್ಲಿ ಫೋನು ಈ ರಾಜ್ಯದ ಟವರ್ ಬಿಟ್ಟು ಆ ರಾಜ್ಯದ ಟವರ್ ಹಿಡಿದಾಗಲೂ ಸಂಪರ್ಕ ಕಡಿಯಬಹುದು. ಸಂಪರ್ಕ ಕಡಿದರೆ ಅದರ ಶೆಲ್ಲಿನಲ್ಲಿ ನಡೆಯುತ್ತಿದ್ದ ಕೆಲಸವೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಸ್ಕ್ರೀನ್, ಟಿಮಕ್ಸ್ ಎಂಬ ಸಾಧನಗಳಿವೆ. ಸರ್ವರಿಗೆ ಹೋಗಿ ಮೊದಲು ಟಿಮಕ್ಸ್ ತೆರೆದು ಅದರೊಳಗೆ ಕೆಲಸ ಶುರು ಮಾಡಿದರೆ, ಮನೆಯಲ್ಲಿ ಕರೆಂಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಮತ್ತೆ ಸಿಗ್ನಲ್ ಬಂದಾಗ ಬಿಟ್ಟಲ್ಲಿಂದ ನೋಡಬಹುದು.

ಬೀಗವೇ ಕೆಟ್ಟ ಎರಡು ಸಂದರ್ಭಗಳು

ಎಸ್‌ಎಸ್‌ಎಚ್ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಭದ್ರ ಎನ್ನಲಾಗದು ಎಂಬುದಕ್ಕೆ ಎರಡು ನಿಜ ಘಟನೆಗಳು ಸಾಕ್ಷಿ.

ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್ ವ್ಯವಸ್ಥೆಯಲ್ಲಿ 2006ರಲ್ಲಿ, ಕೀಲಿ ಹುಟ್ಟಿಸಲು ನೆರವಾಗುವ ತಂತ್ರಾಂಶದಿಂದ ಬೇಡವೆಂದು ತೋರಿದ ಸಾಲನ್ನು ತೆಗೆಯಲಾಯಿತು. ಆ ಸಾಲಿನಿಂದಲೇ ಕೀಲಿಗಳಿಗೆ ಊಹಿಸಲಾಗದ ವೈವಿಧ್ಯ ಬರುತ್ತಿತ್ತು. ಅದು ಹೋದ ಮೇಲೆ ಒಂದೊಂದು ಬಗೆಯಲ್ಲಿ ಹುಟ್ಟಬಹುದಾದ ಕೀಲಿಗಳು ಸುಮಾರು 32 ಸಾವಿರ ಮಾತ್ರ. ಕಂಪ್ಯೂಟರಿಗೆ ಅಷ್ಟನ್ನು ಹಾಕಿ ನೋಡುವುದು ಲೆಕ್ಕದ ಕೆಲಸವೇ ಅಲ್ಲ. ವಿಷಯ ಬಯಲಾದದ್ದು 2008ರ ಮೇ ತಿಂಗಳಲ್ಲಿ. ನಡುವಿನ ಕಾಲದಲ್ಲಿ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಮಾಡಿದ ಕೀಲಿಗಳನ್ನೆಲ್ಲ ಬಿಸಾಡಿ ಹೊಸದು ಮಾಡಿಕೊಳ್ಳಬೇಕಾಯಿತು.

ಎರಡನೆಯದು 2024ರ ಮಾರ್ಚ್ ತಿಂಗಳಿನದು. ಎಕ್ಸ್‌ಝೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಕೆಲಸಕ್ಕೆ ನೆರವಾಗುವವನಂತೆ ಬಂದವನೊಬ್ಬ, ವರ್ಷಗಟ್ಟಲೆ ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟಿದ್ದ. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಎಸ್‌ಎಸ್‌ಎಚ್ ಸರ್ವರ್ ಸುತ್ತುಬಳಸಿ ಈ ತಂತ್ರಾಂಶವನ್ನು ಸೇರಿಸಿಕೊಳ್ಳುತ್ತಿತ್ತು. ಅದು ಎಲ್ಲೆಡೆ ಹರಡಿದ್ದರೆ ಲೋಕದ ಎಷ್ಟೋ ಸರ್ವರುಗಳ ಕೀಲಿಕೈ ಒಬ್ಬನ ಕೈಯಲ್ಲಿರುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಎಂದಿಗಿಂತ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಗಮನಿಸಿ, ಏಕೆ ಎಂದು ಬೆನ್ನು ಹತ್ತಿದ್ದರಿಂದ ಅದು ಪರೀಕ್ಷಾ ಆವೃತ್ತಿಗಳ ಹಂತದಲ್ಲೇ ಸಿಕ್ಕಿಬಿತ್ತು.

ಗಣಿತ ಸೋತದ್ದು ಈ ಎರಡರಲ್ಲೂ ಅಲ್ಲ. ಒಂದರಲ್ಲಿ ಒಳ್ಳೆಯ ಮನಸ್ಸಿನ ತಪ್ಪು, ಇನ್ನೊಂದರಲ್ಲಿ ಕೆಟ್ಟ ಮನಸ್ಸಿನ ತಾಳ್ಮೆ. ಎರಡನ್ನೂ ಹಿಡಿದದ್ದು ಮನುಷ್ಯರ ಎಚ್ಚರ.

ನೆನಪಿನಲ್ಲಿರಬೇಕಾದ್ದು

* ಮೊದಲ ಸಲ ಬೆರಳಚ್ಚನ್ನು ತಾಳೆ ನೋಡಿಯೇ ಯೆಸ್ ಒತ್ತಬೇಕು.
* ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಕಾರಣ ತಿಳಿಯುವವರೆಗೆ ಮುಂದೆ ಹೋಗಬಾರದು.
* ಖಾಸಗಿ ಕೀಲಿಯನ್ನು ಯಾರಿಗೂ ಕೊಡಬಾರದು, ಅದಕ್ಕೆ ಗುಪ್ತವಾಕ್ಯ ಇರಬೇಕು.
* ಕೀಲಿ ಸರಿಯಾಗಿ ಕೆಲಸ ಮಾಡುತ್ತದೆಂದು ಖಚಿತವಾದ ಮೇಲೆ ಸರ್ವರಿನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಬೇಕು.
* ದೂರಕ್ಕೆ ಕಳಿಸುವ ಆಜ್ಞೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು.
* ಕೆಲಸ ಬಿಟ್ಟು ಹೋದವರ ಕೀಲಿಯನ್ನು ಅಂದೇ ಪಟ್ಟಿಯಿಂದ ತೆಗೆಯಬೇಕು.
* ಸರ್ವರಿನ ತಂತ್ರಾಂಶಕ್ಕೆ ಬರುವ ಭದ್ರತಾ ತಿದ್ದುಪಡಿಗಳನ್ನು ತಡಮಾಡದೆ ಹಾಕಿಕೊಳ್ಳಬೇಕು.

ರಾತ್ರಿ ಹೊತ್ತು ಬಾಗಿಲು ತಟ್ಟಿದರೆ "ಯಾರು?" ಎಂದು ಕೇಳದೆ ಯಾವ ಮನೆಯಲ್ಲೂ ಚಿಲಕ ತೆಗೆಯುವುದಿಲ್ಲ. ದೂರದ ಕಂಪ್ಯೂಟರಿನ ಮುಂದೆಯೂ ಆ ಹಳೆಯ ಅಭ್ಯಾಸವನ್ನು ಬಿಡದಿದ್ದರೆ ಅರ್ಧ ಭದ್ರತೆ ಅಲ್ಲೇ ಸಿಕ್ಕಂತೆ.